ಅಮ್ಮನ ಸೊಂಟದ ಬಿಲ್ಲೆ

ಮಾಲೂರಿನ ಹೆಂಚಿನ ಕಾರ್ಖಾನೆಯ ಗೂಡಿಗೆ ಬೆಂಕಿ ಹಾಕಿದ ದಿನ ಊರಿಗೆಲ್ಲ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಹೊಗೆ ಮೇಲಕ್ಕೆ ಏರದೆ ಕೆರೆಯ ಮೇಲೆ ಅಡ್ಡಡ್ಡ ಮಲಗಿಬಿಡುತ್ತಿತ್ತು. ಈಗ ಕಣ್ಣು ಮುಚ್ಚಿಕೊಂಡರೆ ನನ್ನ ಬಾಲ್ಯವೆಲ್ಲ ಆ ಹೊಗೆಯೊಳಗೇ ನಡೆದುಹೋದಂತೆ ಕಾಣುತ್ತದೆ. ಎಮ್ಮೆ ಕಾಲಿಲ್ಲದೆ ತೇಲಿಕೊಂಡು ಮನೆಗೆ ಬರುತ್ತದೆ. ಅದರ ಹಿಂದೆ ಅಪ್ಪ ಬರುತ್ತಾರೆ, ಮುಖ ಕಾಣುವುದಿಲ್ಲ, ಕೋಟು ಮತ್ತು ಪೇಟ ಮಾತ್ರ. ಅಮ್ಮ ಹೊಸಿಲಲ್ಲಿ ನಿಂತಿರುತ್ತಾಳೆ. ಏನೂ ಮಾತಾಡುವುದಿಲ್ಲ.

ಅಮ್ಮ ಹುಟ್ಟಾ ಮೌನಿ ಎಂದು ಮಾತ್ರ ತಿಳಿಯಬೇಡಿ. ಮುಳಬಾಗಿಲ ಹತ್ತಿರದ ಅವಳ ತವರಿನಲ್ಲಿ ಅವಳಷ್ಟು ಮಾತುಗಾತಿ ಇನ್ನೊಬ್ಬಳಿರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ನನಗೆ ಅಮ್ಮನ ಬಾಯಿ ತೆರೆಯುವುದನ್ನು ನೋಡುವ ಸಂಭ್ರಮ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆಯೊಂದನ್ನು ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು. ಕೋಲಾರ ದಾಟಿ, ರಾಗಿ ಹೊಲಗಳ ನಡುವೆ ಕೆಮ್ಮುತ್ತ ಬಸ್ಸು ಸಾಗುವಾಗ ನಾನು ತೂಕಡಿಸುತ್ತಿದ್ದೆ. ದೂರದಲ್ಲಿ ಮುಳಬಾಗಿಲ ಬಂಡೆಬೆಟ್ಟ ಕಂಡಿತೋ ಇಲ್ಲವೋ, ನನ್ನ ನಿದ್ದೆಯೊಳಗೆ ಒಂದು ದನಿ ನುಗ್ಗುತ್ತಿತ್ತು. ಅಮ್ಮ ಪಕ್ಕದ ಸೀಟಿನ ಹೆಂಗಸನ್ನು "ಯಾಡಿಕಿ ಪೋತಾವಕ್ಕಾ?" ಎಂದು ಕೇಳುತ್ತಿದ್ದಳು. ಎಲ್ಲಿಗೆ ಹೊರಟೆ ಎಂದಷ್ಟೇ ಅದರ ಅರ್ಥ. ಅಲ್ಲಿಂದ ಶುರುವಾದ ಮಾತು, ವಾಪಸು ಬರುವಾಗ ಅದೇ ಬೆಟ್ಟ ಹಿಂದಕ್ಕೆ ಸರಿಯುವವರೆಗೂ ನಿಲ್ಲುತ್ತಿರಲಿಲ್ಲ.

ಅವಳ ಮಾತು ಎಂಥದ್ದು ಎಂದರೆ ಹೇಳುವುದು ಕಷ್ಟ. ಅರ್ಧ ವಾಕ್ಯ ತೆಲುಗಿನಲ್ಲಿ ಹುಟ್ಟಿ ಕನ್ನಡದಲ್ಲಿ ಮುಗಿಯುತ್ತಿತ್ತು. ಮುದ್ದೆಗೆ ಸಂಗಟಿ ಎನ್ನುತ್ತಿದ್ದಳು, ಸಾರಿಗೆ ಸಾರೇ. ಗಡಿಯಾಚೆ ಮದನಪಲ್ಲಿ ಕಡೆಯಿಂದ ಬಂದ ನೆಂಟರು "ಇದ್ಯಾವ ತೆಲುಗು?" ಎಂದು ನಗುತ್ತಿದ್ದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳ ಹೆಂಡತಿಯರು "ಇದ್ಯಾವ ಕನ್ನಡ?" ಎಂದು ನಗುತ್ತಿದ್ದರು. ಅಮ್ಮನಿಗೆ ಎರಡೂ ನಗುವಿನ ಲೆಕ್ಕವಿರಲಿಲ್ಲ. ತನ್ನೂರಿನಲ್ಲಿ ಬಾವಿಕಟ್ಟೆಯಿಂದ ಕಣದವರೆಗೆ ಎಲ್ಲರೂ ಆಡುವ ಮಾತಿಗೆ ಇನ್ನೊಂದು ಹೆಸರು ಬೇಕೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಲೆಕ್ಕವಿದ್ದದ್ದು ಅಪ್ಪನಿಗೆ. ಅಪ್ಪ ಶ್ರೀನಿವಾಸಪುರ ಸೀಮೆಯವರು, ಮಾವಿನ ತೋಪಿನ ನಡುವಿನ ಒಂದು ಸಣ್ಣ ಹಳ್ಳಿಯವರು. ಅವರ ಮನೆಮಾತೂ ಇದೇ. ವಯಸ್ಸಿನಲ್ಲಿ ಚಿನ್ನದ ಗಣಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಆಫೀಸಿನಲ್ಲಿ ಕೂತು ಮಾಡುವ ಒಂದು ಕೆಲಸಕ್ಕೆ ಕೇಳಿಕೊಂಡು ಹೋದಾಗ, ಗುಮಾಸ್ತನೊಬ್ಬ ಇವರಿಂದ ನಾಲ್ಕು ಮಾತಾಡಿಸಿ, ಸುತ್ತಲಿನವರನ್ನು ಕರೆದು ಮತ್ತೆ ಅದೇ ನಾಲ್ಕು ಮಾತಾಡಿಸಿ, ಎಲ್ಲರೂ ನಕ್ಕರಂತೆ. ಅಪ್ಪ ಅಲ್ಲಿಂದ ನೆಟ್ಟಗೆ ನೆಲದಡಿಗೆ ಇಳಿದರು. ಆ ನಗು ಅವರ ಕಿವಿಯಿಂದ ಇಳಿಯಲೇ ಇಲ್ಲ. ತನ್ನ ಮಕ್ಕಳನ್ನು ಯಾರೂ ಹಾಗೆ ಮಾತಾಡಿಸಿ ನಗಬಾರದು ಎಂಬುದು ಅವರ ಹಟ. ಅದು ಪ್ರೀತಿಯ ಹಟವೇ. ಆದರೂ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನೆಲದಡಿಯಲ್ಲಿ ಅಪ್ಪನಿಗೆ ಸಿಕ್ಕಿದ ಮೇಲಧಿಕಾರಿ ಇಟಲಿ ದೇಶದವನು. ಗಣಿಯಲ್ಲಿ ಆಗ ಅಂಥವರು ಕೆಲವರಿದ್ದರು. ಅಪ್ಪ ಅವನನ್ನು "ನಮ್ಮ ದೊರೆ" ಎನ್ನುತ್ತಿದ್ದರು. ಕತ್ತಲಲ್ಲಿ, ಬಂಡೆಯ ಬಿಸಿಯಲ್ಲಿ, ವರ್ಷಗಟ್ಟಲೆ ಇಬ್ಬರೂ ಅಕ್ಕಪಕ್ಕ ಕೆಲಸ ಮಾಡಿ, ಅವನ ಭಾಷೆ ಅಪ್ಪನ ಬಾಯಿಗೆ ಬಂದುಬಿಟ್ಟಿತು. ಪುಸ್ತಕ ಹಿಡಿದು ಕಲಿತದ್ದಲ್ಲ. ತಲೆ ಜೋಪಾನ, ಮರದ ಆನಿಕೆ ಹಿಡಿ, ಸಿಡಿಮದ್ದಿನ ಬತ್ತಿಗೆ ಬೆಂಕಿ ಇಟ್ಟಿದೆ ಓಡು, ಊಟ ತಂದಿದ್ದೀಯಾ, ನಿಮ್ಮೂರಲ್ಲಿ ಹಿಮ ಬೀಳುತ್ತಾ, ಹೀಗೆ ಕಲಿತದ್ದು. ಯುದ್ಧ ಶುರುವಾಗಿ ಇಟಲಿ ಶತ್ರುವಿನ ಕಡೆ ಸೇರಿದಾಗ ಪೊಲೀಸರು ದೊರೆಯನ್ನು ಕರೆದೊಯ್ದರು. ಅಪ್ಪನಿಗೆ ಗಣಿ ಬೇಡವಾಯಿತು. ಮಾಲೂರಿಗೆ ಬಂದು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾದರು.

ಮಾಲೂರಿನಲ್ಲಿ ಇಟಲಿ ಭಾಷೆ ಬಲ್ಲ ಮನುಷ್ಯ ಇನ್ನೊಬ್ಬನಿರಲಿಲ್ಲವಲ್ಲ, ಅಪ್ಪ ಅದನ್ನು ಪೇಟದ ಜರಿಯ ಹಾಗೆ ಮೆರೆಸಿದರು. ದಾರಿಯಲ್ಲಿ ಯಾರು ಸಿಕ್ಕರೂ "ಚೆರೆಯಾ" ಎನ್ನುತ್ತಿದ್ದರು. ಅದು ನಮಸ್ಕಾರಕ್ಕೂ ಆಗುತ್ತಿತ್ತು, ಹೋಗಿಬರುತ್ತೇನೆ ಎನ್ನುವುದಕ್ಕೂ ಆಗುತ್ತಿತ್ತು. ಕೊನೆಗೆ ಬೀದಿಯವರೆಲ್ಲ ಅವರನ್ನೇ ಚೆರೆಯಾ ಮೇಸ್ತ್ರಿ ಎಂದು ಕರೆದರು. ಕೊಟ್ಟಿಗೆಯಲ್ಲಿ ಎಮ್ಮೆ ಕೊಂಬು ಬೀಸಿದರೆ "ವಾರ್ದ!" ಎಂದು ಗದರುತ್ತಿದ್ದರು, ಎಚ್ಚರ ಎಂದು. ಅದನ್ನು ನೀರಿಗೆ ಇಳಿಸುವಾಗ "ಪ್ಯಾನ್, ಪ್ಯಾನ್" ಎನ್ನುತ್ತಿದ್ದರು, ನಿಧಾನ ಎಂದು. ಎಮ್ಮೆ ಹೇಳಿದ ಹಾಗೆ ಕೇಳುತ್ತಿತ್ತು. ನಮ್ಮ ಎಮ್ಮೆ ಇಟಲಿ ಭಾಷೆ ಕೇಳಬಹುದಿತ್ತು, ನಾವು ಅಮ್ಮನ ಭಾಷೆ ಆಡುವ ಹಾಗಿರಲಿಲ್ಲ.

ಯಾಕೆಂದರೆ ಮನೆಯಲ್ಲಿ ಒಂದು ಬಿಲ್ಲೆ ಇತ್ತು.

ಮರದ ಸಣ್ಣ ತುಂಡು, ದುಂಡಗೆ ಉಜ್ಜಿ, ತೂತು ಕೊರೆದು ದಾರ ಪೋಣಿಸಿದ್ದು. ಅಪ್ಪನೇ ಮಾಡಿದ್ದು. ಅದನ್ನು ತಂದ ದಿನ ಅವರು ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ನಮ್ಮ ದೊರೆ ಚಿಕ್ಕೋರಿದ್ದಾಗ ಅವರ ಸ್ಕೂಲಲ್ಲಿ ಕೆಟ್ಟ ಭಾಷೆ ಆಡಿದೋರ ಕತ್ತಿಗೆ ಒಂದು ಮರದ ತುಂಡು ನೇತಾಕ್ತಿದ್ರಂತೆ. ಇನ್ನೊಬ್ಬ ಆಡಿ ಸಿಕ್ಕೊಳ್ಳೋ ತನಕ ಅವನೇ ಹೊತ್ಕೊಂಡಿರ್ಬೇಕು. ಆಮೇಲೆ ಅದು ಅವನ ಕತ್ತಿಗೆ. ಅದಕ್ಕೇ ನೋಡಿ ಆ ಜನ ಅಷ್ಟು ಚೊಕ್ಕವಾಗಿ ಮಾತಾಡ್ತಾರೆ. ಇನ್ಮೇಲೆ ಈ ಮನೇಲಿ ಚೊಕ್ಕ ಕನ್ನಡ. ಅತ್ಲಾಗೆ ತೆಲುಗೂ ಅಲ್ಲ, ಇತ್ಲಾಗೆ ಕನ್ನಡಾನೂ ಅಲ್ಲ, ಆ ಮಾತು ಬೇಡ. ಊಟಕ್ಕೆ ಕೂತಾಗ ಬಿಲ್ಲೆ ಯಾರ ಹತ್ರ ಇರುತ್ತೋ ಅವರಿಗೆ ತುಪ್ಪ ಇಲ್ಲ."

ಅಲ್ಲಿಯವರೆಗೆ ನಾವು ಅಪ್ಪನನ್ನು ನಾಯನಾ ಎಂದು ಕರೆಯುತ್ತಿದ್ದೆವು. ಅವತ್ತಿನಿಂದ ಅಪ್ಪ ಎಂದೆವು. ಬಾಗಿಲ ಹಿಂದೆ ನಿಂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು.

ಮೊದಲ ದಿನಗಳಲ್ಲಿ ಬಿಲ್ಲೆ ನನ್ನ ಕತ್ತಿನಿಂದ ತಮ್ಮನ ಕತ್ತಿಗೆ, ಅವನಿಂದ ನನಗೆ ಓಡಾಡಿತು. ತಮ್ಮನಿನ್ನೂ ಪುಟ್ಟವನು. ನೀರು ಎನ್ನಲು ಹೋಗಿ ನೀಳ್ಳು ಎನ್ನುತ್ತಿದ್ದ. ಬಿಲ್ಲೆ ಬಿದ್ದರೆ ತುಪ್ಪವಿಲ್ಲದ ಮುದ್ದೆಯ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ನಾವು ಯಾರಾದರೂ ಮಾತು ತಪ್ಪಿದ ಕೂಡಲೇ, ಬಿಲ್ಲೆ ನಮ್ಮ ಕತ್ತಿಗೆ ಬಂದು ಇನ್ನೂ ಬಿಸಿಯಾಗಿರಲಿಲ್ಲ, ಅಡುಗೆಮನೆಯಿಂದ ಅಮ್ಮ ಗಟ್ಟಿಯಾಗಿ ಕೂಗುತ್ತಿದ್ದಳು: "ಅಯ್ಯೋ, ಪಾಲು ಪೊಂಗಿ ಪೊಯ್ನಾಯಿ!"

ಹಾಲು ಉಕ್ಕಿಹೋಯಿತು ಎಂದು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ತಪ್ಪು ಒಪ್ಪಿಕೊಂಡವಳ ಹಾಗೆ ಕೈ ಚಾಚಿ, ನಮ್ಮ ಕತ್ತಿನಿಂದ ಬಿಲ್ಲೆ ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನಾನು ಒಂದು ಸಲ ಓಡಿಹೋಗಿ ನೋಡಿದೆ. ಹಾಲು ಒಲೆಯ ಮೇಲೆ ಇರಲೇ ಇಲ್ಲ. ಇನ್ನೊಂದು ಸಲ ನೋಡಿದೆ, ಆಗಲೂ ಇರಲಿಲ್ಲ. ನಮ್ಮ ಮನೆಯ ಹಾಲು ಉಕ್ಕಿದಷ್ಟು ಸಲ ನಿಜವಾಗಿ ಉಕ್ಕಿದ್ದರೆ ಎಮ್ಮೆ ಸಾಕಿಯೂ ದಂಡ.

ಹೀಗೆ ಬಿಲ್ಲೆ ಅಮ್ಮನದೇ ಆಯಿತು. ಎಣ್ಣೆ ಬೆವರು ಕುಡಿದು ಕಪ್ಪಾಗಿ ಹೊಳೆಯತೊಡಗಿತು. ನಮ್ಮ ಮುದ್ದೆಗೆ ತುಪ್ಪ ಬಿಡುತ್ತಿದ್ದಳು, ತನ್ನದಕ್ಕೆ ಇಲ್ಲ. ಆ ಒಂದು ಸುಳ್ಳು ವಾಕ್ಯ ಬಿಟ್ಟರೆ ಅವಳ ಮಾತು ಮನೆಯಲ್ಲಿ ಕೇಳಿಸುತ್ತಿರಲಿಲ್ಲ. ಅಪ್ಪ ಹೇಳಿದ ಚೊಕ್ಕ ಕನ್ನಡ ಅವಳಿಗೆ ಬರುತ್ತಿತ್ತು. ಆದರೆ ಅದರಲ್ಲಿ ಅವಳು ಬನ್ನಿ, ಹೋಗಿ, ಊಟ ಆಯ್ತು ಎನ್ನುವುದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳುತ್ತಿರಲಿಲ್ಲ. ಕಥೆ ಹೇಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ತಮ್ಮನಿಗೆ ಜೋಗುಳ ಹಾಡುವಾಗ ಪದವಿಲ್ಲದೆ ಬರಿಯ ರಾಗ ಗುನುಗುತ್ತಿದ್ದಳು. ಅರೆನಿದ್ದೆಯಲ್ಲಿ ಆ ರಾಗ ಕೇಳುತ್ತ ನನಗೆ ಒಂದು ಹೆದರಿಕೆ ಹುಟ್ಟುತ್ತಿತ್ತು. ಅಮ್ಮ ದಿನಕ್ಕಿಷ್ಟು ಕರಗುತ್ತಿದ್ದಾಳೆ, ಹೀಗೇ ಬಿಟ್ಟರೆ ಒಂದು ದಿನ ಬೆಟ್ಟ ಕಂಡರೂ ಅವಳ ಬಾಯಿ ತೆರೆಯಲಾರದು ಎಂಬ ಹೆದರಿಕೆ. ಅಪ್ಪನಿಗೆ ಇದು ಕಾಣುತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಇಟಲಿ ಸೋತು ಕೈ ಎತ್ತಿದ ಮೇಲೆ, ಬೆಂಗಳೂರಿನ ಶಿಬಿರಗಳಲ್ಲಿ ಸೆರೆಯಲ್ಲಿದ್ದ ಆ ದೇಶದ ಸಿಪಾಯಿಗಳಿಗೆ ಸ್ವಲ್ಪ ಸಡಿಲ ಸಿಕ್ಕಿತು. ಅಂಥವರಿಬ್ಬರನ್ನು ನಮ್ಮ ಕಾರ್ಖಾನೆಯ ಕೆಲಸಕ್ಕೆ ಕಳಿಸಿದರು. ಅಪ್ಪ ಅವತ್ತು ಕೋಟಿಗೆ ಇಸ್ತ್ರಿ ಹಾಕಿಸಿದರು. ಮಧ್ಯಾಹ್ನದ ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋದೆ.

ಒಬ್ಬ ತೆಳ್ಳಗಿನವನು, ಕನ್ನಡಕದವನು, ತನ್ನ ದೇಶದಲ್ಲಿ ಸ್ಕೂಲು ಮೇಷ್ಟ್ರಾಗಿದ್ದವನು. ಇನ್ನೊಬ್ಬ ಅಗಲ ಕೈಗಳ ಬೆಟ್ಟದ ಕಡೆಯವನು. ಒದ್ದೆ ಹೆಂಚುಗಳನ್ನು ಸಾಲಾಗಿ ಬಿಸಿಲಿಗೆ ಇಟ್ಟಿದ್ದರು. ಅವುಗಳ ನಡುವಿನ ಓಣಿಯಲ್ಲಿ ಅಪ್ಪ ನಡೆದುಹೋಗಿ, ಪೇಟ ಸರಿಮಾಡಿಕೊಂಡು, "ಚೆರೆಯಾ!" ಎಂದರು. ಮೇಷ್ಟ್ರು ಹುಬ್ಬೇರಿಸಿ ಒಂಥರಾ ನಕ್ಕ. ಬೆಟ್ಟದವನು ಕೈಯಲ್ಲಿದ್ದ ಹೆಂಚಿನ ಅಚ್ಚನ್ನು ಅಲ್ಲೇ ಕೆಡವಿ ಅಪ್ಪನತ್ತ ಬಂದು ನಿಂತುಕೊಂಡ. ಅಪ್ಪನಿಗೆ ಬರುತ್ತಿದ್ದದ್ದೆಲ್ಲ ನೆಲದಡಿಯ ಮಾತು. ಅಷ್ಟು ದೊಡ್ಡ ಬೆಳಕಿನಲ್ಲಿ, ಆಕಾಶದ ಕೆಳಗೆ ನಿಂತುಕೊಂಡು, ಅಪ್ಪ ಅವನಿಗೆ ತಲೆ ಜೋಪಾನ ಎಂದರು. ಬೆಟ್ಟದವನು ಗಳಗಳನೆ ಅತ್ತುಬಿಟ್ಟ.

ಒಂದು ಭಾನುವಾರ ಅಪ್ಪ ಅವರಿಬ್ಬರನ್ನೂ ಊಟಕ್ಕೆ ಕರೆದರು. ಕಾವಲಿನ ಪೇದೆಗೂ ಊಟ ಸಿಗುವುದಿತ್ತಾದ್ದರಿಂದ ಅವನು ಇಲ್ಲವೆನ್ನಲಿಲ್ಲ. ಜಗಲಿಯ ಮೇಲೆ ಮುತ್ತುಗದೆಲೆ ಹಾಕಿದರು. ಅವರೆಕಾಳಿನ ಸಾರಿನ ವಾಸನೆ ಬೀದಿಯ ತುದಿಯವರೆಗೆ ಹೋಗಿತ್ತು. ಎದುರುಮನೆಯವರು ಬಾಗಿಲು ಅರ್ಧ ತೆರೆದುಕೊಂಡು ನೋಡಿದರು. ಅಪ್ಪ ಗೆದ್ದವರ ಹಾಗೆ ಕೂತಿದ್ದರು. ಆಡುವ ಒಂದೊಂದು ಮಾತನ್ನೂ ನಮಗೆ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. "ಮುದ್ದೆ ಚೆನ್ನಾಗಿದೆ ಅಂತಾನೆ ಕಣೇ." "ಅವನೂರಲ್ಲೂ ಮುದ್ದೆ ಥರ ಒಂದು ಇದ್ಯಂತೆ, ಮುಸುಕಿನ ಜೋಳದ್ದು, ಹಳದಿ ಬಣ್ಣ." "ಅವರಮ್ಮ ಮರದ ಕೋಲಲ್ಲಿ ತಿರುವ್ತಾಳಂತೆ, ನಮ್ಮ ಥರಾನೇ."

ಆಗ ಮೇಷ್ಟ್ರು ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಪ್ಪನಿಗೆ ಗಣಿಯ ಇಂಗ್ಲಿಷು ಸಾಕಷ್ಟು ಬರುತ್ತಿತ್ತು. ಅವರು ನಮಗೆ ಅದನ್ನು ತಿರುಗಿಸಿ ಹೇಳಲಿಲ್ಲ. ಅವರ ಕೈ ಎಲೆಯ ಮೇಲೆ ನಿಂತುಬಿಟ್ಟಿತು.

"ಏನಂತಪ್ಪಾ?" ಎಂದು ನಾನು ಕೇಳಿದೆ.

"ನಾನು ಆಡ್ತಿರೋದು ಇಟಲಿ ಭಾಷೇನೇ ಅಲ್ವಂತೆ," ಎಂದರು ಅಪ್ಪ ಮೆಲ್ಲಗೆ. "ಯಾವುದೋ ಬೆಟ್ಟದ ಹಳ್ಳಿ ಮಾತಂತೆ. ಹೇಸರಗತ್ತೆ ಹೊಡೆಯೋರು ಆಡೋದಂತೆ. ಅದನ್ನ ಭಾಷೆ ಅನ್ನೋ ಹಾಗಿಲ್ವಂತೆ."

ಅಪ್ಪನ ಮುಖ ನೋಡಲಾಗಲಿಲ್ಲ. ಗಣಿಯ ಗುಮಾಸ್ತನ ಮುಂದೆ ನಿಂತಿದ್ದ ಆ ಹಳ್ಳಿಯ ಹುಡುಗನ ಮುಖ ಹೀಗೇ ಇದ್ದಿರಬೇಕು. ನನಗೆ ಆ ಕನ್ನಡಕದವನ ಎಲೆ ಎತ್ತಿ ಎಸೆಯಬೇಕೆನ್ನಿಸಿತು.

ಅಷ್ಟರಲ್ಲಿ ತಮ್ಮನಿಗೆ ಬಿಕ್ಕಳಿಕೆ ಹತ್ತಿತು. "ನೀಳ್ಳು!" ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡು, ತುಪ್ಪ ಬಿದ್ದ ತನ್ನ ಮುದ್ದೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಒಳಗಿನಿಂದ ತಕ್ಷಣ ಬಂತು: "ಅಯ್ಯೋ, ಪಾಲು ಪೊಂಗಿ ಪೊಯ್ನಾಯಿ!" ಅಮ್ಮ ನೀರಿನ ಲೋಟ ಹಿಡಿದು ಹೊರಗೆ ಬಂದು ತಮ್ಮನ ಪಕ್ಕದಲ್ಲಿಟ್ಟಳು. ಬಿಲ್ಲೆ ಅವಳಲ್ಲೇ ಇತ್ತು. ತನ್ನಲ್ಲೇ ಇದೆ, ನೀನು ಹೆದರಬೇಡ ಎಂದು ತೋರಿಸುವುದಕ್ಕಾಗಿ ಅದನ್ನು ಸೊಂಟದಿಂದ ಹೊರತೆಗೆದು ಅವನ ಕಣ್ಣ ಮುಂದೆ ಅಲ್ಲಾಡಿಸಿ, ಮತ್ತೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಬೆಟ್ಟದವನು ಅದನ್ನೇ ನೋಡುತ್ತಿದ್ದ. ಅದೇನು ಎಂದು ಅಪ್ಪನನ್ನು ಕೇಳಿದ. ಅಪ್ಪ ಹೇಳಿದರು. ಮನೆಯಲ್ಲಿ ಕೆಟ್ಟ ಭಾಷೆ ಆಡಿದವರಿಗೆ ಅದು, ನಿಮ್ಮ ದೇಶದವರೊಬ್ಬರ ಸ್ಕೂಲಿನ ಪದ್ಧತಿಯಂತೆ, ಅವರಿಂದಲೇ ಕಲಿತೆ ಎಂದರು. ಹೇಳುವಾಗ ಹಳೆಯ ಹೆಮ್ಮೆ ಸ್ವಲ್ಪ ಮರಳಿ ಬಂದಿತ್ತು.

ಬೆಟ್ಟದವನು ತಲೆ ತಗ್ಗಿಸಿ, ಎರಡು ಬೆರಳಿನಿಂದ ತನ್ನ ಕತ್ತಿನ ಸುತ್ತ ಒಂದು ದಾರ ಎಳೆದು ತೋರಿಸಿದ. ಮಾತಾಡಿದ. ಅಪ್ಪ ಅಭ್ಯಾಸಬಲದಿಂದ ಅದನ್ನು ಕನ್ನಡಕ್ಕೆ ತಿರುಗಿಸುತ್ತ ಹೋದರು. ತಾವು ಏನು ಹೇಳುತ್ತಿದ್ದೇವೆಂಬುದು ಹೇಳಿ ಮುಗಿಸುವವರೆಗೆ ಅವರಿಗೇ ತಿಳಿದ ಹಾಗಿರಲಿಲ್ಲ.

"ನಾನೂ ಹೊತ್ತಿದೀನಿ ಅಂತಾನೆ. ಚಳೀಲೆಲ್ಲ ಹೊತ್ಕೊಂಡೇ ಮನೆಗೆ ಹೋಗ್ತಿದ್ನಂತೆ. ಅವರಮ್ಮ ನೋಡಿದ್ರೆ ನೊಂದ್ಕೋತಾಳೆ ಅಂತ ಅಂಗಿಯೊಳಗೆ ಬಚ್ಚಿಟ್ಕೋತಿದ್ನಂತೆ. ಯಾಕಂದ್ರೆ ಆ ಮಾತು ಅವಳದೇ... ಯಾವ ಮಾತು ಅಂದ್ರೆ..."

ಅಪ್ಪ ನಿಲ್ಲಿಸಿದರು. ಬೆಟ್ಟದವನು ತನ್ನ ಎದೆಯನ್ನು ಮುಟ್ಟಿ, ಆಮೇಲೆ ಅಪ್ಪನ ಎದೆಯನ್ನು ಮುಟ್ಟಿ, ಒಂದೇ ಮಾತು ಹೇಳಿದ.

"ಇದೇ ಮಾತಂತೆ," ಎಂದರು ಅಪ್ಪ. "ನಾವಿಬ್ಬರೂ ಈಗ ಆಡ್ತಿರೋದು."

ದೊರೆ ಕತ್ತಲಲ್ಲಿ ಕೂತು ತನ್ನ ಕತ್ತಿನ ನೋವಿನ ಕಥೆ ಹೇಳಿದ್ದ. ಅಪ್ಪ ಅದನ್ನು ಶಿಸ್ತಿನ ಕಥೆ ಎಂದುಕೊಂಡು ಮನೆಗೆ ತಂದಿದ್ದರು. ಕೆಟ್ಟದ್ದೆಂದು ಕತ್ತಿಗೆ ಮರದ ತುಂಡು ತಂದ ಭಾಷೆಯಲ್ಲೇ ಅವನು ಅದನ್ನು ಹೇಳಿದ್ದು, ಆ ಭಾಷೆಯೇ ಅಪ್ಪನ ಪೇಟದ ಜರಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡ. ಅವನ ನಗು ಹೋಗಿತ್ತು. ಇಂಗ್ಲಿಷಿನಲ್ಲಿ ಅಪ್ಪನಿಗೆ ಸಣ್ಣದಾಗಿ ಏನೋ ಹೇಳಿ, ಮತ್ತೆ ಊಟ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅವನು ಹೇಳಿದ್ದೇನೆಂದು ಅಪ್ಪ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ತಾನೇ ಮೇಷ್ಟ್ರಾಗಿದ್ದಾಗ ಅಂಥ ತುಂಡನ್ನು ಮಕ್ಕಳ ಕತ್ತಿಗೆ ಹಾಕಿದ್ದಾಗಿ ಹೇಳಿದ್ದನಂತೆ.

ಹೊರಡುವಾಗ ಬೆಟ್ಟದವನು ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ, ಟೋಪಿ ಕೈಯಲ್ಲಿ ಹಿಡಿದು, ಅಮ್ಮನಿಗೆ "ಚೆರೆಯಾ" ಎಂದ. ಅಮ್ಮ ಒಳಗಿಂದಲೇ ಕೈಮುಗಿದಳು.

ಅವರು ಹೋದ ಮೇಲೆ ಮನೆಯೊಳಗೆ ಗೂಡಿನ ಹೊಗೆ ತುಂಬಿಕೊಂಡ ಹಾಗಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತರು, ಕೋಟು ಬಿಚ್ಚಲಿಲ್ಲ. ನಾನೂ ತಮ್ಮನೂ ಉಂಡ ಸುಸ್ತಿನಲ್ಲಿ ಅಲ್ಲೇ ಅಡ್ಡಾದೆವು. ಅಮ್ಮ ಕೊನೆಗೆ ತಾನೊಬ್ಬಳೇ ಊಟಕ್ಕೆ ಕೂತಳು. ಎಲೆ ಹಾಕಿಕೊಂಡಳು, ಆರಿದ ಮುದ್ದೆ ಇಟ್ಟುಕೊಂಡಳು, ಸಾರು ಬಿಟ್ಟುಕೊಂಡಳು. ತುಪ್ಪದ ಗಿಂಡಿ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಲೂ ಇಲ್ಲ. ರೂಢಿ ತಪ್ಪಿಹೋಗಿತ್ತು.

ಅಪ್ಪ ಎದ್ದು ಬಂದು ಅವಳ ಎದುರಿಗೆ ಕೂತರು. ಅಷ್ಟು ಹತ್ತಿರದಲ್ಲಿ ಅವರಿಬ್ಬರು ಕೂತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ, ಗಟ್ಟಿಯಾಗಿ ಅಲ್ಲ, ತೊದಲುತ್ತ, ಬಾಯಿಂದ ಯಾವುದೋ ಕಾಲಕ್ಕೆ ಬಿಟ್ಟುಹೋಗಿದ್ದ ರುಚಿಯನ್ನು ಹುಡುಕುವವರ ಹಾಗೆ ಹೇಳಿದರು:

"ಅಯ್ಯೋ... ಪಾಲು ಪೊಂಗಿ ಪೊಯ್ನಾಯಿ."

ಹೇಳಿ, ಬಿಲ್ಲೆಗಾಗಿ ಕೈ ಚಾಚಿದರು.

ಎಲ್ಲ ಗೊತ್ತಿತ್ತು ಅವರಿಗೆ. ಹಾಲು ಎಂದೂ ಉಕ್ಕಿರಲಿಲ್ಲ ಎಂಬುದು ಮೊದಲಿನಿಂದಲೂ ಗೊತ್ತಿತ್ತು. ನಾನು ಚಾಪೆಯ ಮೇಲೆ ಅರೆಗಣ್ಣು ತೆರೆದು ಮಲಗಿದ್ದೆ. ಅಮ್ಮ ಆ ಕೈಯನ್ನು ನೋಡಿದಳು, ಒಲೆಯನ್ನು ನೋಡಿದಳು, ಮತ್ತೆ ಅಪ್ಪನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗುವಿಗೆ ಹತ್ತಿರವಿತ್ತು.

"ಯಾಡ ಪೊಂಗಿನಾಯಿ?" ಎಂದಳು. "ಪೊಯ್ಯಿ ಆರಿ ಎಂತಸೇಪು ಆಯ!"

ಎಲ್ಲಿ ಉಕ್ಕಿತು, ಒಲೆ ಆರಿ ಎಷ್ಟು ಹೊತ್ತಾಯಿತು ಎಂದು. ಹಾಗೆಂದು ಎಡಗೈಯಿಂದ ಸೊಂಟದ ಬಿಲ್ಲೆ ಬಿಚ್ಚಿ ಅಪ್ಪನ ಅಂಗೈ ಮೇಲಿಟ್ಟಳು. ಅಪ್ಪ ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು, ತುಪ್ಪದ ಗಿಂಡಿ ಎತ್ತಿ ಅವಳ ಮುದ್ದೆಯ ಮೇಲೆ ಬಗ್ಗಿಸಿದರು. ಅಮ್ಮ ಸಾಕು ಎಂದು ಕೈ ಅಡ್ಡ ಹಿಡಿಯಲಿಲ್ಲ. ತಿನ್ನುತ್ತ ತಿನ್ನುತ್ತ ಮಾತಿಗೆ ಶುರುಮಾಡಿದಳು. ಬೆಟ್ಟದವನ ಕೈ ಎಷ್ಟು ಅಗಲ, ಅವನ ತಾಯಿ ಈಗ ಬದುಕಿದ್ದಾಳೋ ಇಲ್ಲವೋ, ಆ ಹಳದಿ ಮುದ್ದೆಗೆ ಸಾರು ಏನು ಮಾಡುತ್ತಾರೋ, ಎಲ್ಲ ಅವಳ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ನಡುನಡುವೆ ಅಪ್ಪ "ಊಂ, ಅವುನು" ಎನ್ನುತ್ತಿದ್ದರು. ಮುಳಬಾಗಿಲ ಬೆಟ್ಟ ಅಲ್ಲಿಗೆ ತುಂಬಾ ದೂರ. ನಾನು ಅವಳ ದನಿ ಕೇಳುತ್ತ ನಿದ್ದೆ ಹೋದೆ, ಎದ್ದಾಗಲೂ ಅಮ್ಮ ಮಾತಾಡುತ್ತಲೇ ಇದ್ದಳು.